ಎಕ್ಕ ಯಾವ ಕುಟುಂಬಕ್ಕೆ? ಬಿಓಎಸ್ ಮೇಜಿನ ಸುತ್ತ ಕೂತು ಕಲಿತದ್ದು

ಎಕ್ಕದ ಗಿಡ ಯಾವ ಕುಟುಂಬಕ್ಕೆ ಸೇರಿದ್ದು ಎಂಬ ಒಂದೇ ವಿಷಯಕ್ಕೆ ಹೋದ ವರ್ಷ ನಮ್ಮ ಬಿಓಎಸ್, ಅಂದರೆ ಸಿಲಬಸ್ ಮಾಡುವ ವಿಶ್ವವಿದ್ಯಾಲಯದ ಮಂಡಳಿಯ, ಸಭೆಯಲ್ಲಿ ಒಂದೂವರೆ ಗಂಟೆ ಹೋಯಿತು. ಊಟದ ಹೊತ್ತು ಮೀರಿತು, ಕ್ಯಾಂಟೀನಿನಿಂದ ತರಿಸಿದ್ದ ಪಲಾವ್ ಆರಿಹೋಯಿತು, ಆದರೂ ಯಾರೂ ಮೇಲೇಳಲಿಲ್ಲ. ಆ ಒಂದೂವರೆ ಗಂಟೆ ದಂಡವಾಯಿತು ಎಂದು ನನಗೆ ಅನಿಸಿಲ್ಲ. ಯಾಕೆ ಅನಿಸಿಲ್ಲ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ತಾಲ್ಲೂಕು ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. 2021ರಲ್ಲಿ ನಮ್ಮ ವಿಶ್ವವಿದ್ಯಾಲಯದ ಪದವಿ ಅಧ್ಯಯನ ಮಂಡಳಿಗೆ, ಅಂದರೆ ಬೋರ್ಡ್ ಆಫ್ ಸ್ಟಡೀಸ್‌ಗೆ, ಸದಸ್ಯೆಯಾಗಿ ನನ್ನ ಹೆಸರು ಬಂತು. 2024ರಲ್ಲಿ ಅಧ್ಯಕ್ಷೆಯಾದೆ. ಅಧ್ಯಕ್ಷೆ ಎಂದರೆ ದೊಡ್ಡ ಅಧಿಕಾರ ಎಂದುಕೊಳ್ಳಬೇಡಿ. ಅಜೆಂಡಾ ಟೈಪ್ ಮಾಡುವುದು, ಎಲ್ಲರಿಗೂ ಫೋನ್ ಮಾಡಿ ತಾರೀಖು ಹೊಂದಿಸುವುದು, ನಡಾವಳಿಯ ಪ್ರತಿ ಹಾಳೆಗೂ ಎಲ್ಲರ ಸಹಿ ಹಾಕಿಸುವುದು, ಟಿಎ ಬಿಲ್ಲಿಗೆ ಹಾಜರಾತಿ ಪತ್ರ ಕೊಡುವುದು, ಇಷ್ಟೇ. ಕಾಲೇಜಿನ ಪಾಠ ತಪ್ಪುವುದಿಲ್ಲ.

ಸಿಲಬಸ್ ಬದಲಾಗುವ ದಾರಿ ಕಾಗದದ ಮೇಲೆ ಬಹಳ ಭದ್ರವಾಗಿದೆ. ಮಂಡಳಿಯಲ್ಲಿ ಒಪ್ಪಿಗೆಯಾದದ್ದು ನಿಕಾಯಕ್ಕೆ (ಫ್ಯಾಕಲ್ಟಿಗೆ) ಹೋಗುತ್ತದೆ, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ. ಆಮೇಲೆ ಕುಲಸಚಿವರ ಅಧಿಸೂಚನೆ. ಕೊನೆಗೆ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ಪೋರ್ಟಲ್ಲಿನಲ್ಲಿ ಪೇಪರ್ ಕೋಡ್ ಏರಬೇಕು. ಕೋಡ್ ಏರದಿದ್ದರೆ ಸಿಲಬಸ್ ಇದ್ದೂ ಇಲ್ಲದ ಹಾಗೆ, ಮಕ್ಕಳಿಗೆ ಹಾಲ್‌ಟಿಕೆಟ್ಟೇ ಬರುವುದಿಲ್ಲ. ಸಮಯ ಇಲ್ಲದಾಗ ‘ಪರಿಷತ್ತಿನ ಅನುಮೋದನೆಯನ್ನು ನಿರೀಕ್ಷಿಸಿ’ ಎಂಬ ಒಂದು ಸಾಲು ಬರೆದು ಕುಲಪತಿಗಳ ಒಪ್ಪಿಗೆ ಪಡೆಯುವುದೂ ಉಂಟು.

ನಾನು ಕಂಡುಕೊಂಡದ್ದು ಏನೆಂದರೆ, ಮೇಲಕ್ಕೆ ಹೋದಷ್ಟೂ ಸಿಲಬಸ್ಸನ್ನು ಓದುವವರು ಕಡಿಮೆ. ಅದು ಅವರ ತಪ್ಪೂ ಅಲ್ಲ. ಪರಿಷತ್ತಿನ ಮುಂದೆ ಒಂದೇ ದಿನ ಹತ್ತಾರು ವಿಷಯಗಳ ಕಡತ ಬರುತ್ತವೆ. ಕ್ರೆಡಿಟ್ ಕೂಡಿದರೆ ಸರಿಹೋಗುತ್ತದಾ, ಅಂಕಗಳ ಹಂಚಿಕೆ ನಿಯಮದಂತೆ ಇದೆಯಾ ಎಂದು ನೋಡುತ್ತಾರೆ. ಮೂರನೇ ಯುನಿಟ್ಟಿನಲ್ಲಿ ಏನಿದೆ, ಅದನ್ನು ಹನ್ನೆರಡು ಗಂಟೆಯಲ್ಲಿ ಮುಗಿಸಲು ಆಗುತ್ತದಾ ಎಂದು ಕೇಳುವ ಮೇಜು ಒಂದೇ, ಅದು ಬಿಓಎಸ್. ಅಲ್ಲಿ ತಪ್ಪಿದರೆ ತಪ್ಪು ನೇರ ತರಗತಿಗೇ ಬಂದು ಕೂರುತ್ತದೆ. ಹಾಗೆ ಬಂದು ಕೂತ ಒಂದು ತಪ್ಪು ನನ್ನದೇ.

2021ರ ಆಗಸ್ಟಿನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಜಾರಿ ಮಾಡುವ ಆದೇಶ ಬಂತು. ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನ ತಜ್ಞರ ಸಮಿತಿಗಳು ಮಾದರಿ ಪಠ್ಯಕ್ರಮ ಮಾಡಿ ಕೊಟ್ಟಿದ್ದವು. ಅದನ್ನು ನಮ್ಮ ಕಾಲೇಜುಗಳಿಗೆ ಹೊಂದಿಸಿಕೊಳ್ಳುವುದು ನಮ್ಮ ಕೆಲಸ. ಹೊಸ ಸದಸ್ಯೆ, ಹುರುಪು ಜಾಸ್ತಿ. ‘ನಮ್ಮ ಮಕ್ಕಳು ಇನ್ನೂ ಎಷ್ಟು ದಿನ ಈರುಳ್ಳಿ ಸಿಪ್ಪೆ ನೋಡುತ್ತಾ ಕೂರಬೇಕು ಸರ್?’ ಎಂದು ದೊಡ್ಡ ದನಿಯಲ್ಲಿ ಕೇಳಿ, ಮೂರನೇ ಸೆಮ್ಮಿನ ಪ್ರಾಕ್ಟಿಕಲ್ಲಿಗೆ ಡಿಎನ್‌ಎ ತುಣುಕುಗಳನ್ನು ವಿದ್ಯುತ್ತಿನಿಂದ ಗಾತ್ರದಂತೆ ಬೇರ್ಪಡಿಸುವ ಜೆಲ್ ಇಲೆಕ್ಟ್ರೋಫೋರೆಸಿಸ್ ಸೇರಿಸಿದೆ. ಹಿರಿಯರೊಬ್ಬರು ಕನ್ನಡಕ ಮೇಲೆತ್ತಿ, ‘ಮಾಡೋಣ ಮೇಡಂ, ಎಷ್ಟು ಕಾಲೇಜಲ್ಲಿದೆ ಆ ಯಂತ್ರ?’ ಎಂದರು. ‘ಸಿಲಬಸ್ಸಲ್ಲಿ ಇದ್ದರೆ ತಾನೇ ಸರ್, ಪ್ರಿನ್ಸಿಪಾಲರು ತರಿಸೋದು’ ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಆ ಮೌನವನ್ನು ಒಪ್ಪಿಗೆ ಎಂದುಕೊಂಡೆ.

2023ರಲ್ಲಿ ಬೇರೊಂದು ತಾಲ್ಲೂಕಿನ ಕಾಲೇಜಿಗೆ ಪ್ರಾಕ್ಟಿಕಲ್ ಪರೀಕ್ಷಕಿಯಾಗಿ ಹೋದೆ. ಸ್ಪಾಟರ್‌ಗಳನ್ನು ಮಕ್ಕಳು ಗುರುತಿಸಿ ಬರೆಯಲೆಂದು ಸಾಲಾಗಿ ಇಟ್ಟಿದ್ದರು. ಜರಿಗಿಡದ ಎಲೆ, ಪೈನಿನ ಕಾಯಿ, ಒಂದು ಸ್ಲೈಡು, ಅದರ ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಹಾಳೆ. ನೋಡಿದರೆ ಇಂಟರ್‌ನೆಟ್ಟಿನಿಂದ ತೆಗೆದ ಜೆಲ್ಲಿನ ಚಿತ್ರ. ಕಲರ್ ಪ್ರಿಂಟ್ ಅಲ್ಲದ ಕಾರಣ ಪಟ್ಟೆಗಳೆಲ್ಲ ಬೂದಿಬಣ್ಣ. ಹುಡುಗಿಯೊಬ್ಬಳು ಅದನ್ನು ನೋಡಿ ಚಕಚಕ ನಾಲ್ಕು ಸಾಲು ಬರೆದಳು. ‘ಡಿಎನ್‌ಎ ಯಾವ ಧ್ರುವದ ಕಡೆ ಓಡುತ್ತಮ್ಮ?’ ಎಂದು ಕೇಳಿದೆ. ‘ಪಾಸಿಟಿವ್ ಕಡೆ ಮೇಡಂ’ ಎಂದಳು. ಸರಿಯಾದ ಉತ್ತರ. ‘ಯಂತ್ರ ನೋಡಿದೀಯಾ?’ ಎಂದೆ. ಅವಳು ಆ ಲ್ಯಾಮಿನೇಟ್ ಹಾಳೆಯ ಕಡೆಗೇ ಕೈ ತೋರಿಸಿದಳು. ಪಾಠ ಮಾಡಿದ ಅತಿಥಿ ಉಪನ್ಯಾಸಕರು ಬಾಗಿಲ ಹತ್ತಿರ ನಿಂತಿದ್ದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

2024ರ ಮೇ ತಿಂಗಳಲ್ಲಿ ಎಲ್ಲವೂ ಮತ್ತೆ ತಿರುವುಮುರುವಾಯಿತು. ರಾಜ್ಯ ಶಿಕ್ಷಣ ನೀತಿ ರೂಪಿಸಲು ನೇಮಿಸಿದ್ದ ಪ್ರೊ. ಸುಖದೇವ್ ಥೋರಟ್ ಅವರ ಆಯೋಗದ ಮಧ್ಯಂತರ ವರದಿಯ ಮೇಲೆ ಸರ್ಕಾರ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು ಮೂರು ವರ್ಷದ ಪದವಿಗೇ ಮರಳಿತು. ಎನ್‌ಇಪಿಯಲ್ಲಿ ಮಕ್ಕಳು ಎರಡೇ ಮುಖ್ಯ ವಿಷಯ ತೆಗೆದುಕೊಂಡು, ಮೂರನೇ ವರ್ಷಕ್ಕೆ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳುವ ಲೆಕ್ಕವಿತ್ತು. ಈಗ ಮತ್ತೆ ಮೂರು ಮೇಜರ್. ನಮ್ಮ ಹಳೆಯ ಸಿಬಿಜೆಡ್, ಕೆಮಿಸ್ಟ್ರಿ–ಬಾಟನಿ–ಜುವಾಲಜಿ, ಎದ್ದು ಕೂತಿತು. ಅಂಕಗಳೂ ಅಷ್ಟೇ. ಎನ್‌ಇಪಿಯಲ್ಲಿ 60 ಪರೀಕ್ಷೆಗೆ, 40 ಆಂತರಿಕಕ್ಕೆ ಇದ್ದದ್ದು ಈಗ 80ಕ್ಕೆ 20 ಆಯಿತು. ಇತ್ತ ಅಡ್ಮಿಷನ್ ಶುರು, ಅತ್ತ ಮೊದಲ ಸೆಮ್ಮಿನ ಸಿಲಬಸ್ ಇನ್ನೂ ಇಲ್ಲ. ನಾನು ಅಧ್ಯಕ್ಷೆಯಾದದ್ದು ಆ ಗಡಿಬಿಡಿಯಲ್ಲೇ.

ನೀತಿ ಯಾವುದು ಒಳ್ಳೆಯದು ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ನಮ್ಮ ಮೇಜಿಗೆ ಬಂದದ್ದು ಬರೀ ಗಂಟೆಗಳ ಲೆಕ್ಕ. ವಾರಕ್ಕೆ ನಾಲ್ಕು ಗಂಟೆಯಂತೆ ಹದಿನಾಲ್ಕು ವಾರಕ್ಕೆ 56 ಗಂಟೆ. ಅದರಲ್ಲಿ ಟೆಸ್ಟು, ಹಬ್ಬ, ಯುವಜನೋತ್ಸವ, ಚುನಾವಣಾ ಡ್ಯೂಟಿ ಕಳೆದರೆ ಎಷ್ಟು ಉಳಿಯುತ್ತದೆ ಎಂದು ಪಾಠ ಮಾಡುವ ಎಲ್ಲರಿಗೂ ಗೊತ್ತು. ಆದರೂ ಸಿಲಬಸ್ ಬರೆಯುವಾಗ 56ಕ್ಕೂ ತುಂಬುತ್ತೇವೆ, ಖಾಲಿ ಬಿಟ್ಟರೆ ಪಾಪ ಬರುತ್ತದೆ ಎನ್ನುವ ಹಾಗೆ.

ಗಂಟೆ ಎಂದ ಕೂಡಲೇ ಬರುವುದು ವರ್ಕ್‌ಲೋಡ್. ಮೊದಲ ವರ್ಷಗಳಲ್ಲಿ ಸಭೆಯಲ್ಲಿ ಯಾರಾದರೂ ಕಾರ್ಯಭಾರದ ಮಾತೆತ್ತಿದರೆ ನನಗೆ ಮೈ ಉರಿಯುತ್ತಿತ್ತು. ಜ್ಞಾನದ ಮಾತಾಡುವಲ್ಲಿ ಇವರು ಹೊಟ್ಟೆಪಾಡು ತರುತ್ತಾರಲ್ಲ ಎಂದು. ಈಗ ಮೈ ಉರಿಯುವುದಿಲ್ಲ. ಪ್ರಾಕ್ಟಿಕಲ್ ನಾಲ್ಕು ಗಂಟೆಯಿಂದ ಮೂರಕ್ಕೆ ಇಳಿದರೆ ಪ್ರತಿ ಬ್ಯಾಚಿಗೆ ವಾರಕ್ಕೊಂದು ಗಂಟೆ ಹೋಗುತ್ತದೆ. ಮೂರು ಬ್ಯಾಚು, ಮೂರು ವರ್ಷ ಎಂದರೆ ಒಂದು ಕಾಲೇಜಿನಲ್ಲಿ ಒಂಬತ್ತು ಗಂಟೆ. ಅಷ್ಟು ಗಂಟೆ ಹೋದರೆ ಒಬ್ಬ ಅತಿಥಿ ಉಪನ್ಯಾಸಕರು ಮನೆಗೆ ಹೋಗುತ್ತಾರೆ. ಅವರು ಹೋದರೆ ಗಿಡಗಳನ್ನು ಒಣಗಿಸಿ ಅಂಟಿಸಿದ ಹರ್ಬೇರಿಯಂ ಹಾಳೆ ಯಾವ ಬೀರುವಿನಲ್ಲಿದೆ ಎಂದು ಗೊತ್ತಿರುವವರೇ ಆ ಕಾಲೇಜಿನಲ್ಲಿ ಇರುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳದೆ, ‘ಈ ವಿಷಯದ ಮಹತ್ವ ಅಪಾರ’ ಎಂದು ಸುತ್ತಿಬಳಸಿ ವಾದಿಸುವುದು ಸಮಯ ಹಾಳು. ನಾನು ಅಧ್ಯಕ್ಷೆಯಾದ ಮೇಲೆ ವರ್ಕ್‌ಲೋಡ್ ಕೋಷ್ಟಕವನ್ನು ಮೊದಲೇ ಮೇಜಿನ ಮೇಲೆ ಇಡುತ್ತೇನೆ. ಅದು ಇತ್ಯರ್ಥವಾದ ಮೇಲೆ ಸಸ್ಯಶಾಸ್ತ್ರ.

ಆಮೇಲೆ ಯಾರೇ ಹೊಸ ವಿಷಯ ಸೇರಿಸಿ ಎಂದರೂ, ನಮ್ಮ ವ್ಯಾಪ್ತಿಯ ಅತಿ ಚಿಕ್ಕ ಕಾಲೇಜಿನ ಹೆಸರು ಹೇಳಿ, ಅಲ್ಲಿ ಇದನ್ನು ಯಾರು, ಯಾವುದರಿಂದ ಮಾಡಿ ತೋರಿಸುತ್ತಾರೆ ಎಂದು ಕೇಳುತ್ತೇನೆ. ಪರೀಕ್ಷೆಯಲ್ಲಿ ಇದರ ಮೇಲೆ ಎರಡು ಅಂಕದ ಒಂದು ಪ್ರಶ್ನೆ, ಹತ್ತು ಅಂಕದ ಒಂದು ಪ್ರಶ್ನೆ ಈಗಲೇ ಬರೆದು ತೋರಿಸಿ ಎಂದೂ ಕೇಳುತ್ತೇನೆ. ಎಷ್ಟೋ ಹೊಸ ವಿಷಯಗಳು ಈ ಎರಡನೇ ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ. ಹತ್ತು ಅಂಕಕ್ಕೆ ‘ಟಿಪ್ಪಣಿ ಬರೆಯಿರಿ’ ಬಿಟ್ಟು ಬೇರೇನೂ ಹೊಳೆಯುವುದಿಲ್ಲ.

ಜೆಲ್ ಹೀಗೆಯೇ ಹೋಯಿತು. ನನ್ನ ಮಗುವನ್ನು ನಾನೇ ಹೊರಗೆ ಹಾಕಿದೆ. ಅದರ ಜಾಗಕ್ಕೆ ಬಂದದ್ದು, ನಗಬೇಡಿ, ಈರುಳ್ಳಿ. ಈರುಳ್ಳಿಯನ್ನು ಜಜ್ಜಿ, ಉಪ್ಪು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ಕಲಸಿಟ್ಟು, ಸೋಸಿ, ಆ ರಸದ ಮೇಲೆ ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ಆಲ್ಕೊಹಾಲನ್ನು ಟೆಸ್ಟ್‌ಟ್ಯೂಬಿನ ಗೋಡೆಗುಂಟ ನಿಧಾನಕ್ಕೆ ಇಳಿಸಬೇಕು. ಸಾಬೂನು ಜೀವಕೋಶದ ಪೊರೆಯನ್ನು ಒಡೆಯುತ್ತದೆ. ಆಲ್ಕೊಹಾಲಿನಲ್ಲಿ ಕರಗದ ಡಿಎನ್‌ಎ ಎರಡು ದ್ರವಗಳ ನಡುವೆ ಬಿಳಿ ಎಳೆಗಳಾಗಿ ತೇಲುತ್ತದೆ. ಗಾಜಿನ ಕಡ್ಡಿಗೆ ಸುತ್ತಿ ಎತ್ತಬಹುದು. ನಮ್ಮ ಅಟೆಂಡರ್ ಅದನ್ನು ನೋಡಿ, ‘ಇದೇನ್ ಮೇಡಂ, ಮೂಗಿನ ಸಿಂಬಳ ಇದ್ದಂಗೈತಿ’ ಎಂದ. ಮಕ್ಕಳು ಮರೆಯುವ ಹಾಗೇ ಇಲ್ಲ.

ಇನ್ನು ಎಕ್ಕದ ವಿಷಯ. ಮೂರನೇ ಸೆಮ್ಮಿಗೆ ವರ್ಗೀಕರಣ ಹಾಕುವಾಗ ಬಂದ ಪ್ರಶ್ನೆ ಅದು. ನಮ್ಮ ಪದವಿ ತರಗತಿಗಳಲ್ಲಿ ತಲೆಮಾರುಗಳಿಂದ ನಡೆದುಬಂದದ್ದು ಬೆಂಥಮ್ ಮತ್ತು ಹೂಕರ್ ಪದ್ಧತಿ, 1862ರಿಂದ 1883ರ ನಡುವೆ ಪ್ರಕಟವಾದದ್ದು. ಆ ಪದ್ಧತಿಯಲ್ಲಿ ಎಕ್ಕ ಆಸ್ಕ್ಲೆಪಿಯಡೇಸಿ, ಕಣಗಿಲೆ ಅಪೋಸೈನೇಸಿ. ಡಿಎನ್‌ಎ ಆಧಾರದ ಎಪಿಜಿ ಪದ್ಧತಿಯಲ್ಲಿ, ಅದರ ನಾಲ್ಕನೇ ಆವೃತ್ತಿ ಬಂದದ್ದು 2016ರಲ್ಲಿ, ಆಸ್ಕ್ಲೆಪಿಯಡೇಸಿ ಎಂಬ ಕುಟುಂಬವೇ ಇಲ್ಲ. ಎಕ್ಕವೂ ಕಣಗಿಲೆಯ ಮನೆಗೇ ಸೇರಿದೆ. ತೇಗ ವರ್ಬಿನೇಸಿ ಬಿಟ್ಟು ತುಳಸಿ, ತುಂಬೆಯ ಜೊತೆ ಲೇಮಿಯೇಸಿಗೆ ಹೋಗಿದೆ. ಈರುಳ್ಳಿ ಲಿಲಿಯೇಸಿಯನ್ನು ತೊರೆದಿದೆ.

ಬೇರೆ ವಿಶ್ವವಿದ್ಯಾಲಯದಿಂದ ಬಂದಿದ್ದ ತಜ್ಞರು, ‘ಎಂಎಸ್ಸಿಗೆ ಬರೋ ನಿಮ್ಮ ಹುಡುಗರಿಗೆ ಎಪಿಜಿ ಹೆಸರೇ ಗೊತ್ತಿರಲ್ಲ, ಇನ್ನೆಷ್ಟು ದಿನ ಹೂಕರ್?’ ಎಂದರು. ಸರಿಯಾದ ಮಾತು. ಹಿಂದೆ ಜೆಲ್ ಯಂತ್ರ ಎಷ್ಟು ಕಾಲೇಜಲ್ಲಿದೆ ಎಂದು ಕೇಳಿದ್ದ ಆ ಹಿರಿಯರು ಎದ್ದು ಕಿಟಕಿಯ ಹೊರಗಿನ ಬೇಲಿಯಿಂದ ಒಂದು ಎಕ್ಕದ ಗೊಂಚಲು ಕಿತ್ತು ತಂದು ಮೇಜಿನ ಮೇಲೆ ಇಟ್ಟರು, ಹಾಲು ಸೋರಿ ಅಜೆಂಡಾ ಹಾಳೆಯೆಲ್ಲ ಅಂಟು. ಜೇಬಿನಿಂದ ಗುಂಡುಸೂಜಿ ತೆಗೆದು ಹೂವಿನ ನಡುವಿನ ಐದು ಮೂಲೆಯ ಕಂಬಕ್ಕೆ ಚುಚ್ಚಿ ಮೇಲೆತ್ತಿದರು. ತುದಿಯಲ್ಲಿ ಹಳದಿ ಬಣ್ಣದ ಜೋಡಿ ಪರಾಗಚೀಲ, ತಕ್ಕಡಿಯ ಎರಡು ತಟ್ಟೆಯ ಹಾಗೆ. ‘ನಲವತ್ತು ವರ್ಷದಿಂದ ಇದನ್ನು ತೋರಿಸಿ ಇದಕ್ಕೇ ಬೇರೆ ಕುಟುಂಬ ಅಂತ ಹೇಳ್ಕೊಂಡು ಬಂದಿದೀನಿ. ಹೆಸರು ನೀವು ಏನಾದ್ರೂ ಇಟ್ಕೊಳ್ಳಿ, ಇದನ್ನ ಎತ್ತಿ ತೋರಿಸೋದು ಪ್ರಾಕ್ಟಿಕಲ್ಲಿಂದ ಹೋಗಬಾರದು’ ಎಂದರು.

ಅಸಲು ತೊಡಕು ಇದ್ದದ್ದೂ ಪ್ರಾಕ್ಟಿಕಲ್ಲಿನಲ್ಲೇ. ಕಾಲೇಜುಗಳ ಬೀರುಗಳಲ್ಲಿರುವ ಹರ್ಬೇರಿಯಂ ಹಾಳೆಗಳ ಮೇಲೆಲ್ಲ ಹಳೆಯ ಹೆಸರು. ಒಬ್ಬ ಪರೀಕ್ಷಕರು ಆಸ್ಕ್ಲೆಪಿಯಡೇಸಿ ಎಂದು ಬರೆದವರಿಗೆ ಸೊನ್ನೆ ಕೊಟ್ಟು, ಇನ್ನೊಬ್ಬರು ಅಪೋಸೈನೇಸಿ ಎಂದವರಿಗೆ ಸೊನ್ನೆ ಕೊಟ್ಟರೆ? ಎರಡು ಕುಟುಂಬ ಒಂದಾದರೆ ಸಿಲಬಸ್ಸಿನ ಪಟ್ಟಿಯಲ್ಲಿರುವ ಹತ್ತು ಕುಟುಂಬ ಒಂಬತ್ತಾಗುತ್ತದೆ, ಹತ್ತನೆಯದು ಯಾವುದು? ಹೀಗೆ ಎಳೆದಷ್ಟೂ ಬಂತು.

ಕೊನೆಗೆ ನಡಾವಳಿಯಲ್ಲಿ ಬರೆದದ್ದು ಇಷ್ಟು. ಥಿಯರಿಯಲ್ಲಿ ಎರಡೂ ಪದ್ಧತಿ, ನಾಲ್ಕು ಗಂಟೆ ಬರೀ ಹೋಲಿಕೆಗೆ. ಎಕ್ಕ, ತೇಗ, ಈರುಳ್ಳಿ ಈ ಮೂರನ್ನೇ ಹಿಡಿದು ಹೋಲಿಸಬೇಕು. ಪ್ರಾಕ್ಟಿಕಲ್ಲಿನಲ್ಲಿ ವಿದ್ಯಾರ್ಥಿ ಕುಟುಂಬದ ಹೆಸರಿನ ಪಕ್ಕ ಯಾವ ಪದ್ಧತಿ ಎಂದು ಬರೆಯಬೇಕು, ಬರೆದರೆ ಯಾವುದಕ್ಕೂ ಪೂರ್ಣ ಅಂಕ. ಗುರುತಿಸಲು ಕೊಡುವ ಕಾರಣದಲ್ಲಿ ಜೋಡಿ ಪರಾಗಚೀಲ ಇರಲೇಬೇಕು. ಹತ್ತನೇ ಕುಟುಂಬದ ಜಾಗ ಖಾಲಿ ಬಿಟ್ಟೆವು, ಆಯಾ ಊರಿನಲ್ಲಿ ಹೆಚ್ಚು ಸಿಗುವ ಯಾವುದಾದರೂ ಒಂದು ಎಂದು. ಆ ಸಾಲು ಮಾತ್ರ ಮೇಲಿನಿಂದ ವಾಪಸ್ ಬಂತು. ಪೋರ್ಟಲ್ಲಿಗೆ ಖಾಲಿ ಜಾಗ ಆಗುವುದಿಲ್ಲವಂತೆ. ಪೋಯೇಸಿ ಎಂದು ತುಂಬಿ ಕಳಿಸಿದೆ. ಹುಲ್ಲು ಎಲ್ಲ ಊರಲ್ಲೂ ಇದೆ.

ಇಷ್ಟಾದರೂ ಹಳೆಯ ಕಾಗದ ಬಿಡುವುದಿಲ್ಲ. ಎನ್‌ಇಪಿಯ ಮೂರು ಬ್ಯಾಚಿನಲ್ಲಿ ಉಳಿದುಕೊಂಡ ರಿಪೀಟರ್‌ಗಳಿಗೆ ಅವರ ಸ್ಕೀಮಿನಲ್ಲೇ ಪ್ರಶ್ನೆಪತ್ರಿಕೆ ಮಾಡಿಸಬೇಕು. ಅದಕ್ಕೂ ಹಿಂದಿನ ಸಿಬಿಸಿಎಸ್ ಸ್ಕೀಮಿನವರು ಒಬ್ಬಿಬ್ಬರು ಇನ್ನೂ ಅರ್ಜಿ ಹಾಕುತ್ತಾರೆ. ಮೊನ್ನೆ ಪರೀಕ್ಷಾ ವಿಭಾಗದಿಂದ ಫೋನ್ ಬಂತು. ನಾನು 2021ರಲ್ಲಿ ಸೇರಿಸಿದ ಜೆಲ್ಲಿನ ಪ್ರಾಕ್ಟಿಕಲ್‌ಗೆ ಒಬ್ಬ ಹುಡುಗ ಮತ್ತೆ ಕಟ್ಟಿದ್ದಾನೆ, ಪರೀಕ್ಷಕರನ್ನು ಸೂಚಿಸಿ ಎಂದು. ನನ್ನ ಹೆಸರನ್ನೇ ಬರೆದು ಕಳಿಸಿದ್ದೇನೆ. ಪಕ್ಕದ ಜಿಲ್ಲೆಯ ಕಾಲೇಜೊಂದರಲ್ಲಿ ಯಂತ್ರ ಇದೆಯಂತೆ, ಆ ದಿನಕ್ಕೆ ಕೊಡುತ್ತಾರಾ ಎಂದು ಕೇಳಬೇಕು.