ಸಾಕು ಹಾವಿನ ಪೆಟ್ಟಿಗೆಗೆ ಶಾಖದ ವ್ಯವಸ್ಥೆ: ಮೊದಲು ಥರ್ಮೋಸ್ಟಾಟ್, ಆಮೇಲೆ ಹೀಟರ್

ಹಾವು ಸಾಕಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಪೆಟ್ಟಿಗೆಯೊಳಗಿನ ಉಷ್ಣತೆ ಎಷ್ಟಿರಬೇಕು ಎಂದು. ಈ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಕೊಟ್ಟರೆ ಹಾವಿಗೆ ಅನ್ಯಾಯವಾಗುತ್ತದೆ. ಪೆಟ್ಟಿಗೆಯ ಒಂದು ತುದಿ ಬಿಸಿಯಾಗಿ, ಇನ್ನೊಂದು ತುದಿ ತಂಪಾಗಿ ಇದ್ದು, ನಡುವೆ ಶಾಖವು ಇಳಿಜಾರಿನಂತೆ ಮೆಲ್ಲಗೆ ಇಳಿಯುತ್ತ ಹೋಗಬೇಕು. ಹಾವು ನಮ್ಮ ಹಾಗೆ ಮೈಯೊಳಗೆ ಬಿಸಿಯನ್ನು ಹುಟ್ಟಿಸಿಕೊಳ್ಳುವ ಪ್ರಾಣಿಯಲ್ಲ. ಮೊಟ್ಟೆಗೆ ಕಾವು ಕೊಡುವ ಕೆಲವು ಹೆಬ್ಬಾವುಗಳು ಸ್ನಾಯುಗಳನ್ನು ನಡುಗಿಸಿ ಒಂದಿಷ್ಟು ಬಿಸಿ ಮಾಡಿಕೊಳ್ಳುವುದುಂಟು, ಆದರೆ ಅದು ಅಪವಾದ. ಉಳಿದಂತೆ ಹಾವಿನ ಜೀರ್ಣಶಕ್ತಿ, ರೋಗನಿರೋಧಕ ಶಕ್ತಿ, ಚಲನೆ ಎಲ್ಲವೂ ಹೊರಗಿನ ಶಾಖವನ್ನು ಅವಲಂಬಿಸಿವೆ. ಹೊಟ್ಟೆ ತುಂಬಿದಾಗ ಬಿಸಿಯ ಕಡೆಗೆ, ಮೈ ಕಾದಾಗ ತಂಪಿನ ಕಡೆಗೆ ಸರಿದು ಅದು ತನ್ನ ಮೈಯ ಉಷ್ಣತೆಯನ್ನು ತಾನೇ ನಿಭಾಯಿಸುತ್ತದೆ. ಆ ಆಯ್ಕೆಗೆ ಜಾಗ ಮಾಡಿಕೊಡುವುದಷ್ಟೇ ಸಾಕುವವರ ಕೆಲಸ.

ಜಾತಿಯಿಂದ ಜಾತಿಗೆ ಈ ಇಳಿಜಾರಿನ ಎರಡು ತುದಿಗಳು ಬದಲಾಗುತ್ತವೆ. ಹೊಸಬರು ಹೆಚ್ಚಾಗಿ ಸಾಕುವ ಬಾಲ್ ಪೈಥಾನ್‌ಗೆ ಬಿಸಿಯ ತುದಿಯಲ್ಲಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ತುದಿಯಲ್ಲಿ 25ರಿಂದ 27 ಡಿಗ್ರಿ ಹೊಂದುತ್ತದೆ. ಕಾರ್ನ್ ಸ್ನೇಕ್ ಅಷ್ಟು ಬಿಸಿ ಬಯಸುವುದಿಲ್ಲ. ಅದಕ್ಕೆ ಒಂದು ತುದಿ 29ರಿಂದ 31, ಇನ್ನೊಂದು 22ರಿಂದ 24 ಡಿಗ್ರಿ ಇದ್ದರೆ ಸಾಕು. ಒಣ ಮರಳುನೆಲದ ಕೆನ್ಯನ್ ಸ್ಯಾಂಡ್ ಬೋವಾ ಬಿಸಿಯ ತುದಿಯಲ್ಲಿ 35 ಡಿಗ್ರಿಯವರೆಗೂ ನೆಮ್ಮದಿಯಾಗಿರುತ್ತದೆ. ಮರದ ಮೇಲೆ ಬದುಕುವ ಗ್ರೀನ್ ಟ್ರೀ ಪೈಥಾನ್‌ನಂಥ ಹಾವಿಗೆ ಅದೇ ಬಿಸಿ ಅಪಾಯಕಾರಿ. ಹಾಗಾಗಿ ಯಾವುದೇ ಸಲಕರಣೆ ಕೊಳ್ಳುವ ಮೊದಲು ನೀವು ಸಾಕಲಿರುವ ಜಾತಿಯ ಎರಡು ತುದಿಗಳ ಅಂಕಿಗಳನ್ನೂ, ರಾತ್ರಿ ಉಷ್ಣತೆ ಎಲ್ಲಿಯವರೆಗೆ ಇಳಿಯಬಹುದು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿಕೊಳ್ಳಿ.

ಇಳಿಜಾರು ಮೂಡಬೇಕಾದರೆ ಪೆಟ್ಟಿಗೆಗೆ ಉದ್ದ ಬೇಕು. ಅಡಿಯಷ್ಟೇ ಉದ್ದದ ಡಬ್ಬದಲ್ಲಿ ಯಾವ ಮೂಲೆಯಲ್ಲಿ ಹೀಟರ್ ಇಟ್ಟರೂ ಸ್ವಲ್ಪ ಹೊತ್ತಿನಲ್ಲಿ ಇಡೀ ಡಬ್ಬವೇ ಸಮನಾಗಿ ಕಾಯುತ್ತದೆ, ಹಾವಿಗೆ ಓಡಿಹೋಗಲು ಎಡೆಯೇ ಇರುವುದಿಲ್ಲ. ಬೆಳೆದ ಬಾಲ್ ಪೈಥಾನ್‌ಗೆ 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಪೆಟ್ಟಿಗೆಯಿದ್ದರೆ ಎರಡು ತುದಿಗಳನ್ನು ಬೇರೆ ಬೇರೆಯಾಗಿ ಉಳಿಸಿಕೊಳ್ಳುವುದು ಸುಲಭ. ಗಾಜಿನ ತೊಟ್ಟಿ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ, ಅದರ ಮೇಲಿನ ಜಾಲರಿ ಮುಚ್ಚಳದಿಂದ ಬಿಸಿಯೂ ತೇವವೂ ಒಟ್ಟಿಗೆ ಹೊರಗೆ ಹೋಗುತ್ತವೆ. ಮರದ ಅಥವಾ ಪಿವಿಸಿ ಹಲಗೆಯ ಪೆಟ್ಟಿಗೆ ಶಾಖವನ್ನು ಹಿಡಿದಿಡುತ್ತದೆ.

ಇನ್ನು ಖರೀದಿಯ ವಿಷಯ. ಕೈಯಲ್ಲಿರುವ ಹಣದಲ್ಲಿ ಮೊದಲು, ಹೀಟರನ್ನು ಹಿಡಿತದಲ್ಲಿಟ್ಟು ಉಷ್ಣತೆ ಮೀರದಂತೆ ಕಾಯುವ ಥರ್ಮೋಸ್ಟಾಟ್ ಕೊಳ್ಳಿ, ಉಳಿದದ್ದರಲ್ಲಿ ಹೀಟರ್ ಕೊಳ್ಳಿ. ಇದನ್ನು ಒತ್ತಿ ಹೇಳಲು ನನ್ನದೇ ಕಾರಣವಿದೆ. ನಾನು ಮೊದಲ ಬಾರಿ ತೊಟ್ಟಿ ಸಿದ್ಧಪಡಿಸಿದಾಗ, ತಳಕ್ಕೆ ಅಂಟಿಸುವ ಚಿಕ್ಕ ಬಿಸಿಹಾಳೆ, ಅಂದರೆ ಹೀಟ್ ಮ್ಯಾಟ್ ತಾನೇ ಎಂಬ ಧೈರ್ಯದಲ್ಲಿ ಅದನ್ನು ನೇರವಾಗಿ ಪ್ಲಗ್‌ಗೆ ಸಿಕ್ಕಿಸಿದ್ದೆ. ಮರುದಿನ ಹಾಸಿನ ತೊಗಟೆಯನ್ನು ಬದಿಗೆ ಸರಿಸಿ ಗಾಜಿನ ಮೇಲೆ ಥರ್ಮಾಮೀಟರಿನ ಪ್ರೋಬ್ (ವೈರಿನ ತುದಿಯಲ್ಲಿ ಉಷ್ಣತೆ ಗ್ರಹಿಸುವ ಭಾಗ) ಇಟ್ಟು ನೋಡಿದಾಗ ಅಂಕಿ 47 ಡಿಗ್ರಿ ತೋರಿಸಿತು. ಪುಣ್ಯಕ್ಕೆ ಹಾವು ಇನ್ನೂ ಬಂದಿರಲಿಲ್ಲ. ಹಾವುಗಳು ಬಿಸಿ ನೆಲದ ಮೇಲೆ ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಅಲ್ಲೇ ಸುರುಳಿ ಸುತ್ತಿ ಮಲಗಿರುವುದುಂಟು. ಬಾಲ್ ಪೈಥಾನ್‌ನ ಮೇಲ್ದುಟಿಯಲ್ಲಿ ಶಾಖವನ್ನು ಗ್ರಹಿಸುವ ಗುಳಿಗಳಿವೆ, ಕತ್ತಲಲ್ಲೂ ಬೆಚ್ಚನೆಯ ಇಲಿಯ ಇರವನ್ನು ಅವು ಕಂಡುಹಿಡಿಯುತ್ತವೆ. ಅಷ್ಟಿದ್ದರೂ ಹೊಟ್ಟೆಯ ಕೆಳಗಿನ ಅತಿಬಿಸಿಯಿಂದ ಅದು ಪಾರಾಗುತ್ತದೆಂದು ನಂಬುವಂತಿಲ್ಲ.

ಥರ್ಮೋಸ್ಟಾಟ್‌ಗಳಲ್ಲಿ ಮೂರು ಬಗೆಗಳು ಬಳಕೆಯಲ್ಲಿವೆ. ನಿಗದಿತ ಉಷ್ಣತೆ ಮುಟ್ಟಿದ ಕೂಡಲೇ ಹೀಟರನ್ನು ಪೂರ್ತಿ ಆರಿಸಿ, ಇಳಿದ ಕೂಡಲೇ ಪೂರ್ತಿ ಹೊತ್ತಿಸುವ ಆನ್-ಆಫ್ ಬಗೆಯದು ಹೀಟ್ ಮ್ಯಾಟ್‌ಗೆ ಸಾಕು. ವಿದ್ಯುತ್ತನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಹರಿಸುವ ಪಲ್ಸ್ ಬಗೆಯದು ಬೆಳಕು ಕೊಡದ ಸೆರಾಮಿಕ್ ಹೀಟರ್‌ಗೆ ಚೆನ್ನಾಗಿ ಹೊಂದುತ್ತದೆ. ಅದಕ್ಕೆ ಬಲ್ಬ್ ಜೋಡಿಸಿದರೆ ಬೆಳಕು ಮಿಣುಕುತ್ತಲೇ ಇರುತ್ತದೆ. ಬಲ್ಬ್‌ಗಳಿಗೆ ಬೇಕಾದದ್ದು ಡಿಮ್ಮಿಂಗ್ ಬಗೆಯದು. ಅದು ಬೆಳಕನ್ನೂ ಶಾಖವನ್ನೂ ಹಂತಹಂತವಾಗಿ ಏರಿಸಿ ಇಳಿಸುವುದರಿಂದ ಉಷ್ಣತೆ ಸ್ಥಿರವಾಗಿರುತ್ತದೆ, ಬಲ್ಬ್ ಕೂಡ ಹೆಚ್ಚು ದಿನ ಬಾಳುತ್ತದೆ.

ಹೀಟರ್‌ಗಳಲ್ಲಿ ಹಗಲಿನ ಹೊತ್ತಿಗೆ ನನ್ನ ಮೊದಲ ಆಯ್ಕೆ ಸಾಮಾನ್ಯ ಹ್ಯಾಲೋಜನ್ ಫ್ಲಡ್ ಬಲ್ಬ್. ಸೂರ್ಯನಂತೆ ಅದು ಮೇಲಿನಿಂದ ಬೆಳಕನ್ನೂ ಬಿಸಿಯನ್ನೂ ಒಟ್ಟಿಗೆ ಕೊಡುತ್ತದೆ. ಅದರ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳಲ್ಲಿ ಚರ್ಮದ ಒಳಗೆ ಆಳಕ್ಕಿಳಿಯುವ ಎ ಮತ್ತು ಬಿ ಬಗೆಯವು ಹೆಚ್ಚಾಗಿರುತ್ತವೆ. ಸೆರಾಮಿಕ್ ಹೀಟರ್ ಮತ್ತು ಮ್ಯಾಟ್‌ಗಳಿಂದ ಬರುವುದು ಬಹುಪಾಲು ಸಿ ಬಗೆಯ ಕಿರಣ, ಅದು ಮೇಲ್ಮೈಯಲ್ಲೇ ನಿಲ್ಲುತ್ತದೆ. ಹಾಗೆಂದು ಸೆರಾಮಿಕ್ ಹೀಟರ್ ನಿರುಪಯುಕ್ತವಲ್ಲ. ಬೆಳಕಿಲ್ಲದೆ ಗಾಳಿಯನ್ನು ಬೆಚ್ಚಗಿಡಬೇಕಾದ ರಾತ್ರಿಗಳಲ್ಲಿ ಅದೇ ಒದಗಿಬರುವುದು. ಡೀಪ್ ಹೀಟ್ ಪ್ರೊಜೆಕ್ಟರ್ ಎಂಬುದು ಇವೆರಡರ ನಡುವಿನದು. ಕಣ್ಣಿಗೆ ಕಾಣುವ ಬೆಳಕು ಹೆಚ್ಚುಕಡಿಮೆ ಇಲ್ಲದೆಯೇ ಆಳಕ್ಕಿಳಿಯುವ ಶಾಖವನ್ನು ಕೊಡುತ್ತದೆ. ರಾತ್ರಿಗೆಂದು ಮಾರುವ ಕೆಂಪು ಬಲ್ಬ್‌ಗಳನ್ನು ಕೊಳ್ಳಬೇಡಿ. ಹಾವಿಗೆ ಆ ಬೆಳಕು ಕಾಣದು ಎಂಬ ಮಾತನ್ನು ನಂಬಿ ರಾತ್ರಿಯಿಡೀ ಅದನ್ನು ಉರಿಸಿದರೆ ಹಗಲು ರಾತ್ರಿಗಳ ಲೆಕ್ಕ ಅದಕ್ಕೆ ತಪ್ಪುತ್ತದೆ. ಕಲ್ಲಿನ ಆಕಾರದ ಹೀಟ್ ರಾಕ್ ಅನ್ನಂತೂ ಉಚಿತವಾಗಿ ಸಿಕ್ಕರೂ ಪೆಟ್ಟಿಗೆಯೊಳಗೆ ಇಡಕೂಡದು, ಏಕೆಂದರೆ ಅದು ಅಲ್ಲಲ್ಲಿ ಅತಿಯಾಗಿ ಕಾದು ಹಾವನ್ನು ಸುಡುತ್ತದೆ.

ಹೀಟ್ ಮ್ಯಾಟ್ ಅಗ್ಗವೆಂಬ ಕಾರಣಕ್ಕೆ ಹೆಚ್ಚಿನವರು ಅದರಿಂದಲೇ ಆರಂಭಿಸುತ್ತಾರೆ, ಹೆಚ್ಚಿನ ತಪ್ಪುಗಳೂ ಅಲ್ಲೇ ಆಗುತ್ತವೆ. ಮ್ಯಾಟ್ ಗಾಳಿಯನ್ನು ಬಿಸಿಮಾಡುವುದಿಲ್ಲ, ತನಗೆ ತಾಗಿದ ಮೇಲ್ಮೈಯನ್ನಷ್ಟೇ ಬಿಸಿಮಾಡುತ್ತದೆ. ಆದ್ದರಿಂದ ಕೋಣೆಯೇ ತಣ್ಣಗಿದ್ದರೆ ಅದೊಂದರಿಂದ ಕೆಲಸ ಸಾಗದು. ಗಾಜಿನ ತೊಟ್ಟಿಯ ತಳದ ಮೂರನೆಯ ಒಂದು ಭಾಗವನ್ನು ಮೀರದಂಥ ಮ್ಯಾಟನ್ನು ಆರಿಸಿ, ತೊಟ್ಟಿಯ ಹೊರಗಡೆ, ಒಂದು ತುದಿಯ ಕೆಳಗೆ ಅಂಟಿಸಿ. ಶಾಖ ಕೆಳಗೇ ಸಿಕ್ಕಿಕೊಂಡು ಗಾಜು ಬಿರುಕುಬಿಡದಂತೆ ತೊಟ್ಟಿಯ ನಾಲ್ಕು ಮೂಲೆಗಳಿಗೆ ರಬ್ಬರ್ ಕಾಲುಗಳನ್ನಿಟ್ಟು ಅರ್ಧ ಸೆಂಟಿಮೀಟರಿನಷ್ಟಾದರೂ ಗಾಳಿಯಾಡುವ ಸಂದು ಬಿಡಿ. ಮ್ಯಾಟ್ ಇರುವ ಕಡೆ ಒಳಗಿನ ಹಾಸು ತೆಳುವಾಗಿರಲಿ. ಅಲ್ಲಿ ತೊಗಟೆಯನ್ನು ದಪ್ಪಗೆ ಹರಡಿದರೆ ಅಥವಾ ಭಾರದ ನೀರಿನ ಬಟ್ಟಲನ್ನು ಇಟ್ಟರೆ, ಹಾಸಿನ ಮೇಲ್ಭಾಗ ತಣ್ಣಗಿದ್ದು ತಳದ ಗಾಜು ಮಾತ್ರ ಕಾಯುತ್ತಲೇ ಹೋಗುತ್ತದೆ. ಬೆಚ್ಚಗಾಗಲೆಂದು ಹಾಸಿನೊಳಗೆ ಕೊರೆದು ಇಳಿದ ಹಾವು ಸುಟ್ಟುಕೊಳ್ಳುವುದು ಆಗಲೇ. ಮರದ ಪೆಟ್ಟಿಗೆಯ ಕೆಳಗೆ ಮ್ಯಾಟ್ ಇಟ್ಟರೆ ಮರವೇ ಶಾಖವನ್ನು ತಡೆಯುವುದರಿಂದ ಅಲ್ಲಿ ಮೇಲಿನಿಂದ ಬರುವ ಶಾಖವೇ ಸರಿ.

ಬಲ್ಬ್ ಅಥವಾ ಸೆರಾಮಿಕ್ ಹೀಟರನ್ನು ಪೆಟ್ಟಿಗೆಯೊಳಗೆ ತೂಗುಹಾಕುವುದಾದರೆ ಅದರ ಸುತ್ತ ಹಾವಿನ ತಲೆ ತೂರದಷ್ಟು ಕಿರಿದಾದ ಕಣ್ಣಿನ ಲೋಹದ ಪಂಜರ ಇರಲೇಬೇಕು. ಇಷ್ಟು ಎತ್ತರಕ್ಕೆ ಹಾವು ಹತ್ತಲಾರದು ಎಂಬ ಅಂದಾಜು ಯಾವತ್ತೋ ಒಂದು ರಾತ್ರಿ ಸುಳ್ಳಾಗುತ್ತದೆ. ಸೆರಾಮಿಕ್ ಹೀಟರಿನ ಮೇಲ್ಮೈ 200 ಡಿಗ್ರಿಯನ್ನು ಮೀರಬಲ್ಲದು, ಆದ್ದರಿಂದ ಪ್ಲಾಸ್ಟಿಕ್ ಹೋಲ್ಡರ್ ಬೇಡ, ಪಿಂಗಾಣಿ ಹೋಲ್ಡರನ್ನೇ ಬಳಸಿ. ಬಲ್ಬ್ ಜಾಲರಿಯ ಹೊರಗಿದ್ದರೆ ಅದರ ಬಳಿ ಬಟ್ಟೆ, ಪರದೆ, ಕಾಗದ ಸುಳಿಯದಂತೆ ನೋಡಿಕೊಳ್ಳಿ. ವೈರು ಪ್ಲಗ್‌ಗೆ ತಲುಪುವ ಮೊದಲು ಒಮ್ಮೆ ಕೆಳಕ್ಕೆ ಬಾಗಿ ಮೇಲೇರುವಂತಿರಲಿ. ನೀರು ಚಿಮುಕಿಸುವಾಗ ಹನಿಗಳು ವೈರಿನ ಗುಂಟ ಹರಿದರೂ ಆ ಬಾಗಿನಲ್ಲೇ ತೊಟ್ಟಿಕ್ಕುತ್ತವೆ, ಪ್ಲಗ್ ಮುಟ್ಟುವುದಿಲ್ಲ.

ಎಷ್ಟು ವ್ಯಾಟ್ ಎಂಬುದಕ್ಕೆ ಎಲ್ಲ ಪೆಟ್ಟಿಗೆಗೂ ಸಲ್ಲುವ ಉತ್ತರವಿಲ್ಲ. 60 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಗೆ 50ರಿಂದ 100 ವ್ಯಾಟ್‌ವರೆಗಿನ ಹ್ಯಾಲೋಜನ್‌ಗಳನ್ನು ಪರೀಕ್ಷಿಸಿ ನೋಡಬೇಕಾಗುತ್ತದೆ. ಬೇಕಾದ್ದಕ್ಕಿಂತ ತುಸುವೇ ಹೆಚ್ಚು ಶಕ್ತಿಯದನ್ನು ಆರಿಸುವುದು ಜಾಣತನ, ಏಕೆಂದರೆ ಥರ್ಮೋಸ್ಟಾಟ್ ಕೆಟ್ಟುಹೋದ ದಿನ ಸಣ್ಣ ಬಲ್ಬ್ ಪೆಟ್ಟಿಗೆಯನ್ನು ತುಸು ಹೆಚ್ಚು ಬಿಸಿಮಾಡಿದರೆ, ದೊಡ್ಡದು ಹಾವಿನ ಪ್ರಾಣವನ್ನೇ ತೆಗೆಯಬಹುದು.

ಥರ್ಮೋಸ್ಟಾಟಿನ ಪ್ರೋಬ್ ಎಲ್ಲಿರಬೇಕು ಎಂಬುದು ಚಿಕ್ಕ ವಿಷಯದಂತೆ ಕಂಡರೂ ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆ. ಥರ್ಮೋಸ್ಟಾಟ್‌ಗೆ ಗೊತ್ತಿರುವುದು ಪ್ರೋಬಿನ ತುದಿಯ ಉಷ್ಣತೆ ಮಾತ್ರ. ಹಾವು ಅದನ್ನು ತಂಪಿನ ಕಡೆಗೆ ಎಳೆದುಹಾಕಿದರೆ, ಅಥವಾ ಅದು ನೀರಿನ ಬಟ್ಟಲಿಗೆ ಬಿದ್ದರೆ, ಪೆಟ್ಟಿಗೆ ತಣ್ಣಗಿದೆಯೆಂದು ತಿಳಿದು ಹೀಟರ್ ಪೂರ್ತಿ ಶಕ್ತಿಯಲ್ಲಿ ಉರಿಯುತ್ತಲೇ ಇರುತ್ತದೆ. ಮ್ಯಾಟ್ ಬಳಸುವವರು ಪ್ರೋಬನ್ನು ಹೊರಗಡೆಯೇ, ಮ್ಯಾಟ್ ಮತ್ತು ಗಾಜಿನ ನಡುವೆ ಸಿಕ್ಕಿಸುವುದು ಒಳ್ಳೆಯದು. ಅಲ್ಲಿ ಹಾವಿನ ಕೈವಾಡ ನಡೆಯದು. ಹೊರಗಿನ ಬಿಸಿಗಿಂತ ಒಳಗಿನ ಗಾಜಿನ ಬಿಸಿ ತುಸು ಕಡಿಮೆ ಇರುತ್ತದಾದ್ದರಿಂದ, ಒಳಗೆ ಇನ್ನೊಂದು ಥರ್ಮಾಮೀಟರ್ ಇಟ್ಟು ಅದಕ್ಕೆ ತಕ್ಕಂತೆ ಅಂಕಿಯನ್ನು ಹೊಂದಿಸಿ. ಬಲ್ಬ್ ಬಳಸುವವರು ಬಿಸಿಯ ತಾಣದಲ್ಲಿ, ಹಾವಿನ ಬೆನ್ನಿನ ಎತ್ತರಕ್ಕೆ, ಕ್ಲಿಪ್ ಅಥವಾ ಸ್ಕ್ರೂನಿಂದ ಬಿಗಿಯಾಗಿ ಕೂರಿಸಬೇಕು. ಅಂಟು ಟೇಪನ್ನು ಪೆಟ್ಟಿಗೆಯೊಳಗೆ ಎಂದೂ ಬಳಸಬೇಡಿ, ಅದಕ್ಕೆ ಮೈ ಅಂಟಿಕೊಂಡರೆ ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ.

ಅಳತೆಗೆ ಎರಡು ಡಿಜಿಟಲ್ ಥರ್ಮಾಮೀಟರ್‌ಗಳು ಬೇಕು, ತುದಿಗೊಂದರಂತೆ. ಗಾಜಿಗೆ ಅಂಟಿಸುವ ಮುಳ್ಳಿನ ಡಯಲ್‌ಗಳು ಹಾವಿಲ್ಲದ ಎತ್ತರದ ಗಾಳಿಯನ್ನು ಅಳೆಯುತ್ತವೆ, ಅದನ್ನೂ ಸರಿಯಾಗಿ ಅಳೆಯುವುದಿಲ್ಲ. ಮೇಲ್ಮೈಗಳನ್ನು ಪರೀಕ್ಷಿಸಲು ಅವಕೆಂಪು ಥರ್ಮಾಮೀಟರ್ ಗನ್ ಬಹಳ ಅನುಕೂಲ. ಆದರೆ ಗಾಜಿನ ಹೊರಗಿನಿಂದ ಗುರಿಯಿಟ್ಟರೆ ಅದು ಗಾಜಿನ ಉಷ್ಣತೆಯನ್ನೇ ತೋರಿಸುತ್ತದೆ, ಹೊಳೆಯುವ ಲೋಹದ ಮೇಲೆ ತಪ್ಪು ಅಂಕಿ ಕೊಡುತ್ತದೆ. ಹಾಗಾಗಿ ಬಾಗಿಲು ತೆರೆದು ನೇರವಾಗಿ ಹಾಸಿನ ಅಥವಾ ಕಲ್ಲಿನ ಮೇಲೆ ಹಿಡಿಯಿರಿ. ಎಲ್ಲವನ್ನೂ ಜೋಡಿಸಿದ ಮೇಲೆ ಹಾವಿಲ್ಲದೆಯೇ ಪೆಟ್ಟಿಗೆಯನ್ನು ಕನಿಷ್ಠ 48 ಗಂಟೆ ನಡೆಸಿ. ಬೆಳಗ್ಗೆ, ನಡುಮಧ್ಯಾಹ್ನ, ಮಲಗುವ ಮುನ್ನ ಎರಡೂ ತುದಿಗಳ ಅಂಕಿಗಳನ್ನು ಬರೆದಿಡಿ. ಕೋಣೆಯ ಕಿಟಕಿಯಿಂದ ಬರುವ ಮಧ್ಯಾಹ್ನದ ಬಿಸಿಲು ಗಾಜಿನ ತೊಟ್ಟಿಗೆ ಬೀಳುತ್ತಿದೆಯೇ ಎಂಬುದೂ ಆಗ ಗೊತ್ತಾಗುತ್ತದೆ. ಬೀಳುತ್ತಿದ್ದರೆ ಯಾವ ಥರ್ಮೋಸ್ಟಾಟೂ ಕಾಪಾಡಲಾರದು, ತೊಟ್ಟಿಯ ಜಾಗವನ್ನೇ ಬದಲಿಸಬೇಕು.

ಬಿಸಿಯ ತುದಿಯಲ್ಲೊಂದು, ತಂಪಿನ ತುದಿಯಲ್ಲೊಂದು ಅಡಗುತಾಣ ಬೇಕು. ಒಂದೇ ಇದ್ದರೆ ಹಾವು ಶಾಖಕ್ಕಿಂತ ಸುರಕ್ಷತೆಯನ್ನೇ ಆರಿಸಿ, ಬೆಚ್ಚಗಾಗಬೇಕಾದ ಹೊತ್ತಿನಲ್ಲೂ ತಣ್ಣನೆಯ ಮೂಲೆಯಲ್ಲಿ ಅವಿತಿರುತ್ತದೆ. ಮೇಲಿನಿಂದ ಬರುವ ಶಾಖ ಗಾಳಿಯನ್ನು ಒಣಗಿಸುತ್ತದೆ. ತೇವ ಬೇಕಾದ ಬಾಲ್ ಪೈಥಾನ್‌ನಂಥ ಹಾವುಗಳಿಗೆ ಬಲ್ಬ್ ಇಲ್ಲದ ಕಡೆಯ ಜಾಲರಿಯನ್ನು ಭಾಗಶಃ ಮುಚ್ಚಿ, ಹಾಸಿನ ಕೆಳಪದರಕ್ಕೆ ಆಗಾಗ ನೀರು ಹನಿಸಿದರೆ ತೇವಾಂಶ ನಿಲ್ಲುತ್ತದೆ.

ರಾತ್ರಿ ಬಲ್ಬ್ ಆರಿಸಿ. ಎರಡು ಮೂರು ಡಿಗ್ರಿ ಇಳಿಯುವುದು ಸಹಜ, ಬಹಳಷ್ಟು ಜಾತಿಗಳಿಗೆ ಅದು ಬೇಕಾದದ್ದೇ. ಬಾಲ್ ಪೈಥಾನ್‌ನ ಪೆಟ್ಟಿಗೆ 22 ಡಿಗ್ರಿಗಿಂತ ಕೆಳಗೆ ಹೋಗುವಂತಿದ್ದರೆ ಮಾತ್ರ ಪ್ರತ್ಯೇಕ ಥರ್ಮೋಸ್ಟಾಟ್‌ಗೆ ಜೋಡಿಸಿದ ಸೆರಾಮಿಕ್ ಹೀಟರ್ ಅಗತ್ಯ. ಕೋಣೆಯ ಗಾಳಿಯೇ 33 ಡಿಗ್ರಿ ಮುಟ್ಟುವ ಬೇಸಿಗೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಆಗ ಹೀಟರನ್ನು ಆರಿಸಿ, ತಂಪಿನ ತುದಿಯನ್ನು ಕಾಪಾಡುವ ಕಡೆಗೆ ಗಮನ ಕೊಡಬೇಕು. ಚಳಿಗಿಂತ ಅತಿಬಿಸಿ ಹಾವನ್ನು ಬೇಗ ಕೊಲ್ಲುತ್ತದೆ. ವಿದ್ಯುತ್ ಕಡಿತವಾದಾಗ ಗಾಬರಿ ಬೇಡ, ಆರೋಗ್ಯವಂತ ಹಾವು ಕೆಲವು ಗಂಟೆಗಳ ತಂಪನ್ನು ತಾಳಿಕೊಳ್ಳುತ್ತದೆ. ಮೊದಲು ಬಲ್ಬಿನ ಪ್ಲಗ್ ಕಿತ್ತು, ಆಮೇಲೆ ಪೆಟ್ಟಿಗೆಯನ್ನು ಗಾಳಿಗೆ ಸಂದು ಬಿಟ್ಟು ಕಂಬಳಿಯಿಂದ ಸುತ್ತಿ. ಈ ಕ್ರಮ ತಪ್ಪಿದರೆ ವಿದ್ಯುತ್ ಮರಳಿದಾಗ ಕಂಬಳಿಗೆ ಬೆಂಕಿ ಹತ್ತೀತು. ಕಡಿತ ದೀರ್ಘವಾದರೆ ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದು ತುದಿಯಲ್ಲಿಡಬಹುದು.

ಹಾವು ಬಂದ ಮೇಲೆ ಥರ್ಮಾಮೀಟರಿನಷ್ಟೇ ಅದರ ನಡವಳಿಕೆಯನ್ನೂ ಓದಬೇಕು. ಸದಾ ಬಿಸಿಯ ತಾಣಕ್ಕೇ ಅಂಟಿಕೊಂಡಿದ್ದರೆ ಉಳಿದ ಪೆಟ್ಟಿಗೆ ತಣ್ಣಗಿರಬಹುದು. ಸದಾ ತಂಪಿನ ತುದಿಯಲ್ಲಿ ಗೋಡೆಗೆ ಮೂಗು ಒತ್ತಿಕೊಂಡಿದ್ದರೆ, ಅಥವಾ ನೀರಿನ ಬಟ್ಟಲಲ್ಲೇ ಮಲಗಿದ್ದರೆ ಬಿಸಿ ಹೆಚ್ಚಿರಬಹುದು. ಬಟ್ಟಲು ಬಿಡದ ಹಾವಿನ ಮೈಮೇಲೆ ಉಣ್ಣಿಯಂಥ ಚಿಕ್ಕ ಹುಳುಗಳಿವೆಯೇ ಎಂದೂ ನೋಡಿ. ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಗೊರಗೊರ ಸದ್ದು, ಬಾಯಂಚಿನಲ್ಲಿ ಲೋಳೆಯ ಗುಳ್ಳೆಗಳು ಕಂಡರೆ ಬಹುಶಃ ಶ್ವಾಸಕೋಶದ ಸೋಂಕು, ಹೆಚ್ಚು ದಿನ ತಣ್ಣಗಿದ್ದ ಹಾವಿಗೆ ಅದು ಬೇಗ ತಗಲುತ್ತದೆ. ಆಗ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ತಡಮಾಡದೆ ಹೋಗಬೇಕು. ಮೊದಲ ಒಂದು ವಾರ ಆಹಾರ ಕೊಡದೆ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಬಿಡಿ. ಆಹಾರ ಕೊಡುವ ದಿನ ಬಿಸಿಯ ತುದಿಯ ಅಂಕಿಯನ್ನು ಮತ್ತೊಮ್ಮೆ ನೋಡಿ, ಉಂಡ ಮೇಲೆ ಎರಡು ದಿನ ಅದನ್ನು ಎತ್ತಿ ಆಡಿಸಬೇಡಿ. ಸಾಕಷ್ಟು ಶಾಖ ಸಿಗದ ಹಾವು ನುಂಗಿದ್ದನ್ನು ಅರಗಿಸಲಾಗದೆ ಕಕ್ಕುತ್ತದೆ. ಹಾಗೆ ಕಕ್ಕಿದರೆ ಮುಂದಿನ ಆಹಾರಕ್ಕೆ ಕನಿಷ್ಠ ಹತ್ತು ದಿನ, ಸಾಧ್ಯವಾದರೆ ಎರಡು ವಾರ ಕಾದು, ಸಾಮಾನ್ಯಕ್ಕಿಂತ ಚಿಕ್ಕ ಇಲಿಯನ್ನು ಕೊಡಿ.