ಹೊಟ್ಟೆ ಹುಣ್ಣು: ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಸುಮ್ಮನಾಗಬೇಡಿ

ಮೇಲ್ಹೊಟ್ಟೆಯಲ್ಲಿ ಉರಿ, ನೋವು ಶುರುವಾದರೆ ನಾವು ಮೊದಲು ದೂರುವುದು ಖಾರವನ್ನು. ಖಾರ ತಿಂದರೆ ಉರಿ ಜಾಸ್ತಿ ಆಗಬಹುದು, ಆದರೆ ಹುಣ್ಣು ಬರುವುದು ಅದರಿಂದಲ್ಲ. ಹೆಚ್ಚಿನವರಲ್ಲಿ ಕಾರಣ ಎರಡೇ: ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಮಾತ್ರೆ.

ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುವುದು ಲೋಳೆಯ ಪದರ. ಬ್ಯಾಕ್ಟೀರಿಯಾ ಆ ಲೋಳೆಯಲ್ಲೇ ಮನೆ ಮಾಡಿ ಗೋಡೆಗೆ ಉರಿಯೂತ ತರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಮುಂತಾದ ನೋವಿನ ಮಾತ್ರೆಗಳು ಲೋಳೆ ಹುಟ್ಟುವುದನ್ನೇ ತಗ್ಗಿಸುತ್ತವೆ. ಕಾವಲು ತಪ್ಪಿದ ಕಡೆ ಆಮ್ಲ ಗೋಡೆಯನ್ನು ತಿನ್ನುತ್ತಾ ಹೋಗುತ್ತದೆ. ಆಮ್ಲದ ನಡುವೆ ಬ್ಯಾಕ್ಟೀರಿಯಾ ಬದುಕುತ್ತದೆ ಅಂದರೆ ಮೊದಮೊದಲು ವೈದ್ಯರೇ ಒಪ್ಪಲಿಲ್ಲ. 1984ರಲ್ಲಿ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. ಅವರಿಗೂ, ಜೊತೆಗೂಡಿ ಅದನ್ನು ಕಂಡುಹಿಡಿದ ರಾಬಿನ್ ವಾರೆನ್‌ಗೂ 2005ರಲ್ಲಿ ನೊಬೆಲ್ ಬಂತು.

ಮೊದಲು ನೋವಿನ ಹೊತ್ತು ಗಮನಿಸಿ. ಸಣ್ಣ ಕರುಳಿನ ಶುರುವಿನಲ್ಲಿ ಹುಣ್ಣಿದ್ದರೆ ಹಸಿದಾಗ, ನಡುರಾತ್ರಿ ನೋವು, ಉಂಡರೆ ತಗ್ಗುತ್ತದೆ. ಜಠರದ್ದಾದರೆ ಊಟದ ನಂತರ ಜಾಸ್ತಿ. ಎಲ್ಲರಿಗೂ ಹೀಗೇ ಅಂತಿಲ್ಲ.

ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಕಂಡರೆ ಹುಣ್ಣಿನಿಂದ ರಕ್ತ ಸೋರುತ್ತಿರಬಹುದು. ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದು ಹೊಟ್ಟೆ ಗಟ್ಟಿಯಾದರೆ ತೂತು ಬಿದ್ದಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ವೈದ್ಯರ ಬಳಿ ಹೋಗುವಾಗ ನುಂಗುವ ಮಾತ್ರೆಗಳನ್ನೆಲ್ಲ ಒಯ್ಯಿರಿ. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದನ್ನೂ. ಅದನ್ನೇ ಹೇಳದೆ ಬಿಡುವವರು ಬಹಳ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಬ್ಯಾಕ್ಟೀರಿಯಾ ಇದೆಯೇ ಎಂದು ಉಸಿರಿನ ಅಥವಾ ಮಲದ ಪರೀಕ್ಷೆಯಲ್ಲಿ ತಿಳಿಯುತ್ತದೆ. ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ಟ್ರಿಕ್ ಮಾತ್ರೆಯನ್ನು ಎರಡು ವಾರ ಮುಂಚೆ ನಿಲ್ಲಿಸಬೇಕು, ಇಲ್ಲದಿದ್ದರೆ ಇದ್ದರೂ ಇಲ್ಲವೆಂದು ಬರಬಹುದು. ವಯಸ್ಸಾದವರಿಗೆ, ತೂಕ ಇಳಿದವರಿಗೆ, ರಕ್ತ ಕಡಿಮೆಯಾದವರಿಗೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯೇ ಬೇಕು.

ಬ್ಯಾಕ್ಟೀರಿಯಾ ಸಿಕ್ಕರೆ ಸಾಮಾನ್ಯವಾಗಿ 14 ದಿನದ ಕೋರ್ಸ್: ಎರಡು ಬಗೆಯ ಆ್ಯಂಟಿಬಯಾಟಿಕ್, ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ, ಕೆಲವೊಮ್ಮೆ ಬಿಸ್ಮತ್ ಎಂಬ ಔಷಧಿ. ಬಾಯಿ ಕಹಿಯಾಗುತ್ತದೆ, ಭೇದಿಯೂ ಆಗಬಹುದು. ನಾಲ್ಕೈದು ದಿನಕ್ಕೆ ನೋವು ಹೋಯಿತೆಂದು ದಯವಿಟ್ಟು ಬಿಡಬೇಡಿ; ಉಳಿದ ಬ್ಯಾಕ್ಟೀರಿಯಾ ಅದೇ ಔಷಧಿಗೆ ಜಗ್ಗದಂತಾಗುತ್ತದೆ. ಸಿಗರೇಟು, ಬೀಡಿ ಬಿಡಿ. ಅವು ಹುಣ್ಣು ಮಾಯಲು ಬಿಡುವುದಿಲ್ಲ.

ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ಮೇಲೆ ಬ್ಯಾಕ್ಟೀರಿಯಾ ಹೋಯಿತೇ ಎಂದು ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಜಠರದ ಹುಣ್ಣಾಗಿದ್ದರೆ ಎರಡು-ಮೂರು ತಿಂಗಳಿಗೆ ಇನ್ನೊಂದು ಎಂಡೋಸ್ಕೋಪಿಗೆ ಬರಹೇಳಬಹುದು. ಕ್ಯಾನ್ಸರ್ ಕೂಡ ಕೆಲವೊಮ್ಮೆ ಹುಣ್ಣಿನಂತೆಯೇ ಕಾಣುವುದರಿಂದ ಆ ಎಂಡೋಸ್ಕೋಪಿಯನ್ನು ತಪ್ಪಿಸಬೇಡಿ.