ಸುರಂಗ ಬಾವಿಯೊಳಗೊಂದು ಬಾಗಿಲು: ಪೋರ್ಟಲ್ ಕಾದಂಬರಿ ಬರೆಯುವವರಿಗೆ
ಬೀದರಿನ ನೌಬಾದ್ ಕರೇಜು ನೆಲದಡಿ ನೀರು ಹರಿಸಲು ಕೊರೆದ 15ನೇ ಶತಮಾನದ ಸುರಂಗ ಬಾವಿ. ಪೋರ್ಟಲ್, ಅಂದರೆ ಅನ್ಯಲೋಕಕ್ಕೆ ದಾಟಿಸುವ ಬಾಗಿಲು, ಬಚ್ಚಿಡಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ. ಜಂಬಿಟ್ಟಿಗೆ ಪದರ ಮುಗಿದು ಕರಿಕಲ್ಲು ಶುರುವಾಗುವಲ್ಲಿ ಬಾಗಿಲಿಡಿ. ಇಂಗಿದ ನೀರು ನಿಲ್ಲುವುದೂ ಅಲ್ಲೇ. ಲಿಪಿ ಬೇಕಾದರೆ ಕರಿಕಲ್ಲಿನ ಮೇಲೆ ಕೊರೆಸಿ, ತೂತುತೂತಾದ ಜಂಬಿಟ್ಟಿಗೆಯಲ್ಲಿ ಸಣ್ಣ ಅಕ್ಷರ ನಿಲ್ಲದು. ಬಾಗಿಲಿನ ಕಾಲ ತಿಳಿಯಲು ನಿಮ್ಮ ಪಾತ್ರಗಳಿಂದ ಕಲ್ಲಿಗೆ ಕಾರ್ಬನ್ ಪರೀಕ್ಷೆ ಮಾಡಿಸಬೇಡಿ, ಹೂಳಿನಲ್ಲಿ ಸಿಕ್ಕ ಇದ್ದಿಲಿಗೆ ಮಾಡಿಸಿ.

ಹೆಚ್ಚಿನವರು ಎಡವುವುದು ಗಾಳಿಯ ವಿಷಯದಲ್ಲಿ. ಬೀದರ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ವಾಯುಒತ್ತಡ ಸುಮಾರು 94 ಕಿಲೋಪಾಸ್ಕಲ್. ಆಚೆ ಲೋಕದಲ್ಲಿ ಅದು 101 ಇದ್ದರೂ ಸಾಕು, ಪ್ರತಿ ಚದರ ಮೀಟರಿಗೆ ಸುಮಾರು 700 ಕಿಲೋ ತೂಕದಷ್ಟು ನೂಕು! ಬಾಗಿಲು ತೆರೆದೊಡನೆ ಗಂಟೆಗೆ 300 ಕಿ.ಮೀ. ಮೀರಿದ ಗಾಳಿ ನುಗ್ಗಿ, ಕಥೆ ಶುರುವಾಗುವ ಮೊದಲೇ ನಾಯಕಿ ಗೋಡೆಗೆ ಅಪ್ಪಳಿಸುತ್ತಾಳೆ. ದಾರಿ ಎರಡು: ಗಾಳಿ ದಾಟದ ಪೊರೆ, ಇಲ್ಲವೇ ಎರಡು ಬಾಗಿಲ ನಡುವೆ ಮುಚ್ಚಿದ ಕೋಣೆ. ಎರಡನೆಯದೇ ವಾಸಿ, ಒತ್ತಡ ಸಮವಾಗಲು ಕಾಯುವ ಹೊತ್ತಿನಲ್ಲಿ ಜಗಳ, ಭಯ, ಗುಟ್ಟು ಎಲ್ಲವನ್ನೂ ತುಂಬಬಹುದು.

ಏನು ದಾಟುತ್ತದೆ, ಏನು ದಾಟದು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮಧ್ಯದಲ್ಲಿ ನಿಯಮ ಬದಲಿಸಿದರೆ ಓದುಗ ಪುಸ್ತಕ ಮಡಚಿಡುತ್ತಾನೆ. 300 ಪುಟದ ಕಾದಂಬರಿಯಾದರೆ ಬಾಗಿಲು 40ನೇ ಪುಟದೊಳಗೆ ಸಿಗಲಿ, 75ರ ಹೊತ್ತಿಗೆ ತೆರೆಯಲಿ.